ಸ್ಮಾರ್ಟ್ ಟೀವಿಗೆ ಮನೆಯ ವೈಫೈ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಟೀವಿಯನ್ನು ಗೋಡೆಗೆ ಕೂರಿಸಿ ಅಂಗಡಿ ಹುಡುಗರು ಹೊರಟುಹೋದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ನೆಂಟರು, ಪರಿಚಯದವರು, ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟೀವಿಗೂ ರೂಟರ್‌ಗೂ ನಡುವಿನ ಕೊಂಡಿ ಒಂದು, ರೂಟರ್‌ಗೂ ಹೊರಗಿನ ಇಂಟರ್ನೆಟ್‌ಗೂ ನಡುವಿನ ಕೊಂಡಿ ಇನ್ನೊಂದು. ಎರಡರಲ್ಲಿ ಯಾವುದು ಕಳಚಿದೆ ಎಂದು ತಿಳಿಯದೆ ಫೋನ್ ಮಾಡಿದರೆ ಟೀವಿಯವರು ಇಂಟರ್ನೆಟ್‌ನವರ ಕಡೆ ಕೈ ತೋರಿಸುತ್ತಾರೆ, ಇಂಟರ್ನೆಟ್‌ನವರು ಟೀವಿಯವರ ಕಡೆ.

ಶುರು ಮಾಡುವ ಮೊದಲು ಏನೇನು ಬೇಕು?

ವೈಫೈ ಹೆಸರು ಮತ್ತು ಪಾಸ್‌ವರ್ಡ್, ಅಷ್ಟೇ. ಯಾರೂ ಬದಲಾಯಿಸಿಲ್ಲದಿದ್ದರೆ ಎರಡೂ ರೂಟರ್‌ನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ಇರುತ್ತವೆ. ರೂಟರ್ ಅನ್ನು ಗೋಡೆಗೆ ಹೊಡೆದಿದ್ದರೆ ಆ ಚೀಟಿ ಗೋಡೆ ಕಡೆಗೇ ಮುಖ ಮಾಡಿರುತ್ತದೆ. ಬಿಚ್ಚಿದಾಗಲೇ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಗೂಗಲ್ ಟೀವಿ, ಆಂಡ್ರಾಯ್ಡ್ ಟೀವಿಯಾದರೆ ಗೂಗಲ್ ಅಕೌಂಟಿನ ಪಾಸ್‌ವರ್ಡ್ ಕೂಡ ಬೇಕಾಗುತ್ತದೆ. ಅಪ್ಪನ ಹೆಸರಿನಲ್ಲಿ ಮೊಬೈಲ್ ಅಂಗಡಿಯವನು ಎಂದೋ ಮಾಡಿಕೊಟ್ಟ ಅಕೌಂಟ್ ಆಗಿದ್ದರೆ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಮೊದಲು ಸರಿಮಾಡಿಕೊಳ್ಳಿ.

ಮೆನುವಿನಲ್ಲಿ ಎಲ್ಲಿಗೆ ಹೋಗಬೇಕು?

ಗೂಗಲ್ ಟೀವಿ ಮತ್ತು ಆಂಡ್ರಾಯ್ಡ್ ಟೀವಿಗಳಲ್ಲಿ ಸೆಟ್ಟಿಂಗ್ಸ್, ಅದರೊಳಗೆ ನೆಟ್‌ವರ್ಕ್ ಅಂಡ್ ಇಂಟರ್ನೆಟ್. ಸ್ಯಾಮ್‌ಸಂಗ್‌ನ ಬಹಳಷ್ಟು ಮಾದರಿಗಳಲ್ಲಿ ಸೆಟ್ಟಿಂಗ್ಸ್, ಜನರಲ್, ನೆಟ್‌ವರ್ಕ್, ಕೊನೆಗೆ ಓಪನ್ ನೆಟ್‌ವರ್ಕ್ ಸೆಟ್ಟಿಂಗ್ಸ್. ಎಲ್‌ಜಿಯಲ್ಲಿ ರಿಮೋಟಿನ ಹಲ್ಲುಚಕ್ರದ ಗುಂಡಿ ಒತ್ತಿ, ಆಲ್ ಸೆಟ್ಟಿಂಗ್ಸ್‌ಗೆ ಹೋದರೆ ನೆಟ್‌ವರ್ಕ್ ಅಥವಾ ಕನೆಕ್ಷನ್ ಎಂಬ ಹೆಸರಿನಲ್ಲಿ ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ಮೆನುವನ್ನು ಆಚೀಚೆ ಮಾಡುವುದು ಎಲ್ಲ ಕಂಪನಿಗಳ ಚಾಳಿ. ಹೆಸರು ಒಂದಿಷ್ಟು ಬೇರೆ ಇದ್ದರೆ ಗಾಬರಿ ಬೇಡ.

ಪಾಸ್‌ವರ್ಡ್ ಸರಿಯಾಗೇ ಹೊಡೆದಿದ್ದೇನೆ, ಆದರೂ ತಪ್ಪು ಅನ್ನುತ್ತದಲ್ಲ?

ಹತ್ತರಲ್ಲಿ ಎಂಟು ಸಲ ತಪ್ಪೇ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಅಕ್ಷರದ ಮೇಲೆ ನಿಂತು ಓಕೆ ಒತ್ತುವ ಕೆಲಸವಿದು. ಎರಡು ಸಲ ಒತ್ತಿಹೋದರೆ ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ಶೋ ಪಾಸ್‌ವರ್ಡ್ ಅಥವಾ ಕಣ್ಣಿನ ಗುರುತು ಇದ್ದರೆ ಅದನ್ನು ಮೊದಲು ಆನ್ ಮಾಡಿ. ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, ಒಂದೋ ಸಣ್ಣ ಎಲ್ ಅಕ್ಷರವೋ ಎಂಬುದನ್ನು ಚೀಟಿಯ ಜೊತೆ ಹೋಲಿಸಿ. ದೊಡ್ಡಕ್ಷರಕ್ಕೆ ಮೇಲ್ಮುಖ ಬಾಣದ ಕೀಲಿ ಒತ್ತಬೇಕು. ಕೆಲವು ಟೀವಿಗಳಲ್ಲಿ ಅದು ಒಂದು ಅಕ್ಷರಕ್ಕೆ ಮಾತ್ರ ಕೆಲಸ ಮಾಡಿ ತಾನಾಗಿಯೇ ಸಣ್ಣಕ್ಷರಕ್ಕೆ ಮರಳುತ್ತದೆ, ಕೆಲವದರಲ್ಲಿ ಅಲ್ಲೇ ನಿಂತುಬಿಡುತ್ತದೆ.

ಇನ್ನೊಂದು ಸಂದರ್ಭವಿದೆ. ಹೋದ ತಿಂಗಳವರೆಗೆ ಚೆನ್ನಾಗಿತ್ತು, ಈಗ ಸೇರುತ್ತಿಲ್ಲ ಎಂದರೆ ಮನೆಯಲ್ಲಿ ಯಾರೋ ಪಾಸ್‌ವರ್ಡ್ ಬದಲಾಯಿಸಿರುತ್ತಾರೆ. ಟೀವಿ ಹಳೆಯದನ್ನೇ ಹಿಡಿದುಕೊಂಡು ಕೂತಿರುತ್ತದೆ. ಆ ವೈಫೈ ಹೆಸರಿನ ಮೇಲೆ ಹೋಗಿ ಫರ್ಗೆಟ್ ನೆಟ್‌ವರ್ಕ್ ಒತ್ತಿ, ಹೊಸದಾಗಿ ಸೇರಿಸಿ.

ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿ ಜೋಡಿಸಬಹುದಂತೆ?

ಹೌದು, ಅದಕ್ಕೆ ಡಬ್ಲ್ಯುಪಿಎಸ್ ಅನ್ನುತ್ತಾರೆ. ಟೀವಿಯಲ್ಲಿ ಆ ಆಯ್ಕೆ ತೆಗೆದುಕೊಂಡು, ಎರಡು ನಿಮಿಷದೊಳಗೆ ರೂಟರ್‌ನ ಗುಂಡಿ ಒತ್ತಿದರೆ ಆಯಿತು. ಆದರೆ ಇದರ ಪಿನ್ ನಂಬರ್ ವಿಧಾನದಲ್ಲಿ ದೊಡ್ಡ ಲೋಪವಿದೆ ಎಂಬುದು 2011ರಲ್ಲೇ ಬಯಲಾಗಿತ್ತು. ಹೊಸ ಡಬ್ಲ್ಯುಪಿಎ 3 ಭದ್ರತೆಯಲ್ಲಿ ಈ ಸೌಲಭ್ಯವೇ ಇಲ್ಲ. ಜೋಡಿಸಿದ ಮೇಲೆ ರೂಟರ್‌ನಲ್ಲಿ ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಫೋನಿಗೆ ನಮ್ಮ ವೈಫೈ ಕಾಣುತ್ತದೆ, ಟೀವಿಯ ಪಟ್ಟಿಯಲ್ಲಿ ಹೆಸರೇ ಇಲ್ಲ. ಟೀವಿ ಕೆಟ್ಟಿದೆಯಾ?

ಬಹುಶಃ ಇಲ್ಲ. ಮನೆಯ ವೈಫೈ ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಓಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಕಡಿಮೆ ಬೆಲೆಯ ಹಲವು ಟೀವಿಗಳಿಗೆ ಮೊದಲನೆಯದು ಮಾತ್ರ ಗೊತ್ತು. ರೂಟರ್‌ನಲ್ಲಿ 5 ಮಾತ್ರ ಆನ್ ಆಗಿದ್ದರೆ ಇಂಥ ಟೀವಿಯ ಪಾಲಿಗೆ ನಿಮ್ಮ ಮನೆಯಲ್ಲಿ ವೈಫೈಯೇ ಇಲ್ಲ. 2.4 ಕೂಡ ಆನ್ ಮಾಡಿ.

ಟೀವಿ ಎರಡನ್ನೂ ಹಿಡಿಯುತ್ತದೆ, ಆದರೂ 5 ಗಿಗಾಹರ್ಟ್ಸ್‌ನ ಹೆಸರು ಮಾತ್ರ ಮಾಯ ಎಂದರೆ ರೂಟರ್‌ನ ಚಾನೆಲ್ ನೋಡಿ. ಇದು ಟೀವಿ ಚಾನೆಲ್ ಅಲ್ಲ, ತರಂಗಪಟ್ಟಿಯೊಳಗಿನ ಒಂದೊಂದು ಓಣಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ಹಾಗಾಗಿ ರೂಟರ್ ಅಲ್ಲಿ ರಾಡಾರ್ ಇದೆಯೇ ಎಂದು ಗಮನಿಸುತ್ತಾ, ಕಂಡರೆ ಜಾಗ ಖಾಲಿ ಮಾಡುತ್ತಾ ಇರಬೇಕು. ಕೆಲವು ಟೀವಿಗಳು ಆ ಚಾನೆಲ್‌ಗಳ ತಂಟೆಗೇ ಹೋಗುವುದಿಲ್ಲ. ರೂಟರ್ ಸೆಟ್ಟಿಂಗಿನಲ್ಲಿ ಆಟೋ ತೆಗೆದು 36, 40, 44, 48ರಲ್ಲಿ ಒಂದನ್ನು ಕೊಡಿ. ಇದೇ ತರಹ 2.4ರಲ್ಲಿ ನಮ್ಮ ದೇಶದಲ್ಲಿ 13ರವರೆಗೆ ಚಾನೆಲ್ ಇದ್ದರೆ ಅಮೆರಿಕದ ಮಾರುಕಟ್ಟೆಗೆ ಮಾಡಿದ ಉಪಕರಣಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಮಗಳು ಅಲ್ಲಿಂದ ತಂದುಕೊಟ್ಟ ಟೀವಿ ಅಥವಾ ಟೀವಿಗೆ ಚುಚ್ಚುವ ಸ್ಟಿಕ್‌ಗೆ ವೈಫೈ ಕಾಣದಿದ್ದರೆ ಚಾನೆಲ್ ಅನ್ನು 1, 6 ಅಥವಾ 11ಕ್ಕೆ ಇಡಿ.

ಇನ್ನುಳಿದಂತೆ, ರೂಟರ್‌ನಲ್ಲಿ ಬರೀ ಡಬ್ಲ್ಯುಪಿಎ 3 ಇಟ್ಟಿದ್ದರೆ ಹಳೆಯ ಟೀವಿ ಸೇರಲಾರದು. 2 ಮತ್ತು 3 ಎರಡೂ ಸೇರಿದ ಆಯ್ಕೆ ಇರುತ್ತದೆ, ಅದನ್ನು ತೆಗೆದುಕೊಳ್ಳಿ. ವೈಫೈ ಹೆಸರನ್ನು ಕನ್ನಡದಲ್ಲೋ ನಗುಮುಖದ ಚಿತ್ರ ಹಾಕಿಯೋ ಇಟ್ಟಿದ್ದರೆ ಕೆಲವು ಟೀವಿಗಳಲ್ಲಿ ಚೌಕಚೌಕ ಗುರುತು ಕಾಣುತ್ತದೆ. ಅಭಿಮಾನ ಸರಿ, ಆದರೆ ಈ ಒಂದು ಕಡೆ ಇಂಗ್ಲಿಷ್ ಅಕ್ಷರವೇ ವಾಸಿ.

ನಮ್ಮ ವೈಫೈ ಹೆಸರಿನ ಕೊನೆಯಲ್ಲಿ 5ಜಿ ಅಂತ ಇದೆ. ಅಂದರೆ ಟೀವಿಗೂ 5ಜಿ ಬೇಕಾ?

ಬೇಡ. ಆ 5 ಅಂದರೆ 5 ಗಿಗಾಹರ್ಟ್ಸ್. ಸಿಮ್ಮಿನ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಟೀವಿ ರೂಟರ್ ಇರುವ ಕೋಣೆಯಲ್ಲೇ ಇದ್ದರೆ 5ಕ್ಕೆ ಸೇರಿಸಿ, ವೇಗ ಹೆಚ್ಚು, ಪಕ್ಕದ ಮನೆಗಳ ಗಲಾಟೆ ಕಡಿಮೆ. ಎರಡು ಗೋಡೆ ಆಚೆ ಇದ್ದರೆ 2.4 ಹೆಚ್ಚು ದೂರ ತಲುಪುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಟೀವಿ ತನಗೆ ತೋಚಿದ್ದನ್ನು ಹಿಡಿಯುತ್ತದೆ. ಆಯ್ಕೆ ನಿಮ್ಮದಾಗಬೇಕೆಂದರೆ ಎರಡಕ್ಕೂ ಬೇರೆ ಬೇರೆ ಹೆಸರಿಡಿ.

ವೈಫೈ ಕನೆಕ್ಟ್ ಆಗಿದೆ, ಆದರೆ ನೋ ಇಂಟರ್ನೆಟ್ ಅನ್ನುತ್ತದೆ. ಇದೇನು?

ಮೊದಲೇ ಹೇಳಿದ ಎರಡು ಕೊಂಡಿಗಳ ಮಾತು ಇಲ್ಲಿಗೆ ಬರುತ್ತದೆ. ಟೀವಿಯಿಂದ ರೂಟರ್‌ವರೆಗೆ ಸರಿ ಇದೆ. ಅದರಿಂದಾಚೆಗೆ ನೋಡಬೇಕು. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈಯಲ್ಲಿ ಏನಾದರೂ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಫೋನು ಗುಟ್ಟಾಗಿ ಸಿಮ್ಮಿನಿಂದಲೇ ಎಳೆದುಕೊಂಡು ಎಲ್ಲ ಚೆನ್ನಾಗಿದೆ ಎಂದು ನಿಮ್ಮನ್ನು ನಂಬಿಸುತ್ತದೆ.

ಫೋನಿಗೂ ಬರದಿದ್ದರೆ ಹೊರಗಿನ ಕೇಬಲ್ ಬಂದು ಸೇರುವ ಫೈಬರ್ ಪೆಟ್ಟಿಗೆಯ ದೀಪಗಳನ್ನು ನೋಡಿ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿಣುಕುತ್ತಿದ್ದರೆ ಬೆಳಕು ನಿಮ್ಮ ಮನೆವರೆಗೆ ಬರುತ್ತಿಲ್ಲ. ಎಲ್ಲೋ ಕೊಂಬೆ ಬಿದ್ದು ಕೇಬಲ್ ಕಡಿದಿದೆ, ಅಥವಾ ಕಸ ಗುಡಿಸುವಾಗ ಹಳದಿ ತೆಳು ವೈರು ಮಡಚಿಕೊಂಡಿದೆ. ಅದು ಗಾಜಿನ ಎಳೆ, ಮುರಿಯುವಷ್ಟು ಬಗ್ಗಿಸಬಾರದು. ಈ ದೀಪ ಕೆಂಪಾಗಿರುವಾಗ ಟೀವಿಯ ಸೆಟ್ಟಿಂಗ್ಸ್ ಎಷ್ಟು ತಡಕಿದರೂ ಪ್ರಯೋಜನವಿಲ್ಲ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ, ಎಲ್‌ಒಎಸ್ ಕೆಂಪು ಬರುತ್ತಿದೆ ಎಂದೇ ಹೇಳಿ. ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಪುರಾಣವನ್ನು ಬಿಟ್ಟು ನೇರವಾಗಿ ಹುಡುಗನನ್ನು ಕಳಿಸುವ ಸಾಧ್ಯತೆ ಹೆಚ್ಚು.

ಫೋನಿಗೆ ಬರುತ್ತದೆ, ಟೀವಿಗೆ ಮಾತ್ರ ಇಲ್ಲ ಎಂದರೆ ಟೀವಿಯ ತಾರೀಕು ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಈಗಿನ ಸೈಟು, ಆ್ಯಪ್‌ಗಳು ಸುರಕ್ಷಿತ ಸಂಪರ್ಕಕ್ಕೆ ಪ್ರಮಾಣಪತ್ರ ತೋರಿಸುತ್ತವೆ, ಅದಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಟೀವಿಯ ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ 1ರಲ್ಲಿ ನಿಂತಿದ್ದರೆ ಅದರ ಲೆಕ್ಕದಲ್ಲಿ ಎಲ್ಲ ಪ್ರಮಾಣಪತ್ರವೂ ಇನ್ನೂ ಹುಟ್ಟೇ ಇಲ್ಲ. ಆಟೋಮ್ಯಾಟಿಕ್ ತೆಗೆದು ಇವತ್ತಿನ ತಾರೀಕು, ಸಮಯ ಕೈಯಿಂದ ಹಾಕಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗಲೂ ಬರದಿದ್ದರೆ ಐಪಿ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗಕ್ಕೆ 8.8.8.8 ಅಥವಾ 1.1.1.1 ಕೊಟ್ಟು ನೋಡಿ.

ಎಲ್ಲ ಆ್ಯಪ್ ಓಡುತ್ತವೆ, ಒಂದು ಮಾತ್ರ ಬರುವುದಿಲ್ಲ. ವೈಫೈ ತೊಂದರೆಯಾ?

ಅಲ್ಲ. ಆ್ಯಪ್ ಹಳೆಯದಾಗಿದೆ, ಇಲ್ಲವೇ ನಿಮ್ಮ ಟೀವಿ ಮಾದರಿಗೆ ಅವರು ಬೆಂಬಲ ನಿಲ್ಲಿಸಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್‌ನ ಕೆಲವು ಹಳೆಯ ಟೀವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತದ್ದು ಹೀಗೆಯೇ.

ಕರೆಂಟು ಹೋಗಿ ಬಂದಾಗಲೆಲ್ಲ ಟೀವಿಗೆ ವೈಫೈ ಸಿಗುವುದಿಲ್ಲ. ಯಾಕೆ?

ಕರೆಂಟು ಬಂದ ಕೂಡಲೇ ಟೀವಿ ಆನ್ ಮಾಡುತ್ತೀರಿ. ಟೀವಿ ಏಳುವ ಹೊತ್ತಿಗೆ ರೂಟರ್ ಇನ್ನೂ ಕಣ್ಣುಜ್ಜುತ್ತಿರುತ್ತದೆ. ಫೈಬರ್ ಪೆಟ್ಟಿಗೆ ಪೂರ್ತಿ ಸಿದ್ಧವಾಗಲು ಎರಡು ಮೂರು ನಿಮಿಷ ಬೇಕು. ಟೀವಿ ಒಂದೆರಡು ಸಲ ಹುಡುಕಿ ಕೈಚೆಲ್ಲುತ್ತದೆ. ದೀಪಗಳು ಹಸಿರಾಗಿ ನಿಲ್ಲುವವರೆಗೆ ಕಾದು ಆಮೇಲೆ ಟೀವಿ ಹಾಕಿ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಾದರೆ ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ಅದಕ್ಕೆ ಹಾಕುವ ದುಡ್ಡು ದಂಡವಲ್ಲ. ಕೊಳ್ಳುವಾಗ ರೂಟರ್‌ನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಆದರೆ ಎಲ್ಲದರಲ್ಲೂ ಅಲ್ಲ.

ಅಂದಹಾಗೆ, ರಿಮೋಟಿನಿಂದ ಆಫ್ ಮಾಡಿದರೆ ಟೀವಿ ನಿಜಕ್ಕೂ ಆಫ್ ಆಗುವುದಿಲ್ಲ, ಮಲಗುತ್ತದೆ ಅಷ್ಟೇ. ಏನೇ ಎಡವಟ್ಟಾದರೂ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ.

ನಮ್ಮದು ಹಳೇ ಮನೆ. ಜಗಲಿಯಲ್ಲಿ ಫುಲ್ ಸಿಗ್ನಲ್, ಒಳಗೆ ಟೀವಿ ಕೋಣೆಯಲ್ಲಿ ಬರೀ ಬಫರಿಂಗ್. ರೂಟರ್ ಎಲ್ಲಿಡಬೇಕು?

ಕೇಬಲ್ ಹುಡುಗರಿಗೆ ಕಂಬದಿಂದ ಹತ್ತಿರವಾದ ಜಾಗವೇ ರೂಟರ್‌ನ ಜಾಗ. ಹೀಗಾಗಿ ಎಷ್ಟೋ ಮನೆಗಳಲ್ಲಿ ಅದು ಜಗಲಿಯ ಮೂಲೆಯಲ್ಲಿ ಕೂತು ಅರ್ಧ ಸಿಗ್ನಲ್ ಅನ್ನು ಅಂಗಳಕ್ಕೆ ಸುರಿಯುತ್ತಿರುತ್ತದೆ. ಕರಾವಳಿ, ಮಲೆನಾಡಿನ ಹಳೆಯ ಮನೆಗಳ ದಪ್ಪ ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆ, ಪಟ್ಟಣದ ಆರ್‌ಸಿಸಿ ಸ್ಲ್ಯಾಬು, ಇವೆಲ್ಲ ಸಿಗ್ನಲ್ ನುಂಗುತ್ತವೆ. ಅದಕ್ಕಿಂತ ಕೆಟ್ಟದ್ದು ಲೋಹ ಮತ್ತು ನೀರು: ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ. ಕೇಬಲ್ ಅಳವಡಿಸುವ ದಿನವೇ ಇನ್ನು ಹತ್ತು ಮೀಟರ್ ಒಳಗೆ ಎಳೆಯಿರಿ ಎಂದು ಪಟ್ಟು ಹಿಡಿಯಿರಿ. ಮನೆಯ ನಡುಭಾಗ, ಎದೆಯೆತ್ತರಕ್ಕಿಂತ ಮೇಲೆ, ಸುತ್ತ ಬಯಲು ಇರುವಂಥ ಜಾಗ.

ಚಂದ ಕಾಣಲಿ ಎಂದು ರೂಟರ್ ಅನ್ನು ಟೀವಿಯ ಬೆನ್ನ ಹಿಂದೆ ಅಡಗಿಸುವವರಿದ್ದಾರೆ. ಟೀವಿಯ ಹಿಂಭಾಗದಲ್ಲಿ ದೊಡ್ಡ ಲೋಹದ ತಗಡಿರುತ್ತದೆ. ಮನೆಯ ಉಳಿದ ಕೋಣೆಗಳಿಗೆ ಅದು ಪರದೆ ಎಳೆದ ಹಾಗೆ. ಟೀವಿಯ ಯುಎಸ್‌ಬಿ 3 ಕಿಂಡಿಗೆ ಹಾರ್ಡ್‌ಡಿಸ್ಕ್ ಚುಚ್ಚಿದಾಗ ಮಾತ್ರ ವೈಫೈ ತೊದಲಿದರೆ ಅದೂ ಭ್ರಮೆಯಲ್ಲ. ಯುಎಸ್‌ಬಿ 3 ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೇ ಬೀಳುತ್ತದೆ. ಮೈಕ್ರೊವೇವ್ ಒಲೆಯೂ ಅದೇ ಪಟ್ಟಿಯದ್ದು. ಎರಡಕ್ಕೂ ಮದ್ದು ಒಂದೇ, 5ಕ್ಕೆ ಹೋಗುವುದು.

ಇಷ್ಟಾದರೂ ತಲುಪದಿದ್ದರೆ ರಿಪೀಟರ್ ತರಬೇಕೆ? ಅಗ್ಗದ ರಿಪೀಟರ್ ಒಂದೇ ತರಂಗದಲ್ಲಿ ಕೇಳಿಸಿಕೊಂಡು ಅದರಲ್ಲೇ ಮರಳಿ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ಅದು ಕೊನೆಯ ದಾರಿ.

ಹಾಗಾದರೆ ಮೊದಲ ದಾರಿ ಯಾವುದು?

ವೈರು. ಟೀವಿ ಎಂದೂ ಕದಲದ ವಸ್ತು, ಅದಕ್ಕೆ ವೈಫೈ ಬೇಕೇ ಬೇಕು ಅಂತೇನಿಲ್ಲ. ಹಿಂದುಗಡೆ ಲ್ಯಾನ್ ಎಂದು ಬರೆದ ಕಿಂಡಿ ಇದ್ದರೆ ರೂಟರ್‌ನಿಂದ ಒಂದು ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಎಳೆಯಿರಿ. 100 ಮೀಟರ್‌ವರೆಗೆ ತೊಂದರೆಯಿಲ್ಲ. ಪಾಸ್‌ವರ್ಡ್ ಇಲ್ಲ, ಚಾನೆಲ್ ಇಲ್ಲ, ಗೋಡೆಯ ದಪ್ಪ ಇಲ್ಲ. ಬಹಳಷ್ಟು ಟೀವಿಗಳ ಲ್ಯಾನ್ ಕಿಂಡಿ 100 ಎಂಬಿಪಿಎಸ್‌ಗೇ ಸೀಮಿತ ಎಂದು ಕೆಲವರು ಮೂಗು ಮುರಿಯುತ್ತಾರೆ. ಚಿತ್ರ ನೋಡಲು ಅದು ಧಾರಾಳ ಸಾಕು. ಹೊಸ ಮನೆ ಕಟ್ಟಿಸುತ್ತಿದ್ದರೆ ವೈರಿಂಗ್ ಮಾಡುವಾಗಲೇ ಟೀವಿ ಜಾಗಕ್ಕೆ ಒಂದು ಖಾಲಿ ಪೈಪು ಬಿಡಿಸಿ. ಎಲೆಕ್ಟ್ರಿಷಿಯನ್ ಬೇಡ ಅಂದರೂ ಬಿಡಿಸಿ. ಕರೆಂಟಿನ ಪೈಪಿನಲ್ಲೇ ಲ್ಯಾನ್ ತೂರಿಸಲು ಮಾತ್ರ ಒಪ್ಪಬೇಡಿ.

ಎಷ್ಟು ಸ್ಪೀಡಿನ ಪ್ಲಾನ್ ಬೇಕು?

ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15. ಮನೆಯಲ್ಲಿ ಇನ್ನಿಬ್ಬರು ಫೋನು ನೋಡುತ್ತಿದ್ದರೂ 30ರಿಂದ 50ರ ಪ್ಲಾನ್ ಸಾಕು. 4ಕೆ ಬಫರಿಂಗ್ ಆಗುತ್ತಿದೆ ಎಂದು 300ರ ಪ್ಲಾನಿಗೆ ಏರಿಸುವ ಮೊದಲು ಟೀವಿ ಪಕ್ಕದಲ್ಲೇ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ಅಲ್ಲಿ 8 ತೋರಿಸಿ ರೂಟರ್ ಹತ್ತಿರ 48 ತೋರಿಸಿದರೆ ಕೊರತೆ ಇರುವುದು ಗೋಡೆಯಲ್ಲಿ, ಪ್ಲಾನಿನಲ್ಲಿ ಅಲ್ಲ.

ಬ್ರಾಡ್‌ಬ್ಯಾಂಡ್ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ನೋಡಬಹುದಾ?

ನೋಡಬಹುದು. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ 2.4 ಗಿಗಾಹರ್ಟ್ಸ್ ಆರಿಸಿ. ಐಫೋನಿನಲ್ಲಿ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಆನ್ ಮಾಡಿ. ಡೇಟಾ ಖರ್ಚಿನ ಬಗ್ಗೆ ಎಚ್ಚರ: ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಹೋಗಬಹುದು. ದಿನಕ್ಕೆ 2 ಜಿಬಿಯ ಪ್ಯಾಕಿದ್ದರೆ ಸಿನಿಮಾ ಇಂಟರ್‌ವಲ್‌ಗೇ ಮುಗಿಯುತ್ತದೆ. ಆ್ಯಪ್ ಒಳಗೆ ಗುಣಮಟ್ಟವನ್ನು 480ಕ್ಕೆ ಇಳಿಸಿಕೊಳ್ಳಿ, ಟೀವಿಯ ಆಟೋ ಅಪ್‌ಡೇಟ್ ಆಫ್ ಮಾಡಿ.

ಫೋನಿನಲ್ಲಿ ಕ್ಯಾಸ್ಟ್ ಗುರುತು ಒತ್ತಿದರೆ ಟೀವಿ ಕಾಣುವುದೇ ಇಲ್ಲ.

ಎರಡೂ ಒಂದೇ ನೆಟ್‌ವರ್ಕಿನಲ್ಲಿ ಇರಬೇಕು. ಫೈಬರ್ ಪೆಟ್ಟಿಗೆಯದ್ದೊಂದು ವೈಫೈ, ನೀವು ತಂದು ಹಾಕಿದ ರೂಟರ್‌ನದ್ದೊಂದು ವೈಫೈ ಇರುವ ಮನೆಗಳಲ್ಲಿ ಟೀವಿ ಒಂದರಲ್ಲಿ, ಫೋನು ಇನ್ನೊಂದರಲ್ಲಿ ಇರುತ್ತದೆ. ಇಂಟರ್ನೆಟ್ ಎರಡಕ್ಕೂ ಬರುವುದರಿಂದ ಅನುಮಾನವೇ ಬರುವುದಿಲ್ಲ. ಗೆಸ್ಟ್ ವೈಫೈಗೆ ಸೇರಿಸಿದ್ದರೂ ಇದೇ ಗತಿ, ಅದರೊಳಗಿನ ಉಪಕರಣಗಳು ಒಂದನ್ನೊಂದು ನೋಡದಂತೆ ತಡೆ ಇರುತ್ತದೆ.

ಪಿಜಿಯಲ್ಲಿದ್ದೇನೆ. ವೈಫೈಗೆ ಸೇರಿದ ಮೇಲೆ ಲಾಗಿನ್ ಪುಟ ಬರಬೇಕು, ಟೀವಿಯಲ್ಲಿ ಅದು ಬರುವುದಿಲ್ಲ.

ಟೀವಿಯ ಮ್ಯಾಕ್ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆಯನ್ನು, ನೆಟ್‌ವರ್ಕ್ ಸ್ಟೇಟಸ್ ಪುಟದಿಂದ ಬರೆದುಕೊಂಡು, ಲಾಗಿನ್ ಇಲ್ಲದೆ ಬಿಡುವಂತೆ ವೈಫೈ ನೋಡಿಕೊಳ್ಳುವವರನ್ನು ಕೇಳಿ. ಒಪ್ಪದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಿ ಅದರ ಮೊಬೈಲ್ ಹಾಟ್‌ಸ್ಪಾಟ್ ಅನ್ನು ಟೀವಿಗೆ ಕೊಡಿ.

ನಮ್ಮ ಹಳೇ ಎಲ್‌ಇಡಿ ಟೀವಿಗೆ ಯುಎಸ್‌ಬಿ ವೈಫೈ ಡಾಂಗಲ್ ಹಾಕಿದರೆ ಆಗುತ್ತದಾ?

ಸಾಮಾನ್ಯವಾಗಿ ಆಗುವುದಿಲ್ಲ. ಕಂಪನಿಯೇ ಆ ಮಾದರಿಗೆ ಹೇಳಿದ ಡಾಂಗಲ್ ಬಿಟ್ಟು ಬೇರೆಯದನ್ನು ಟೀವಿ ಗುರುತಿಸದು. ಎಚ್‌ಡಿಎಂಐ ಕಿಂಡಿ ಇದ್ದರೆ ಫೈರ್ ಟೀವಿ ಸ್ಟಿಕ್‌ನಂಥದ್ದು ಹಾಕಿ. ಅದಕ್ಕೆ ಕರೆಂಟನ್ನು ಜೊತೆಗೆ ಕೊಟ್ಟ ಅಡಾಪ್ಟರಿನಿಂದಲೇ ಕೊಡಿ. ಟೀವಿಯ ಯುಎಸ್‌ಬಿಯಿಂದ ಕೊಟ್ಟರೆ ಶಕ್ತಿ ಸಾಲದೆ ನಡುನಡುವೆ ಆಫ್ ಆಗುತ್ತದೆ.

ಹೆಸರೇ ಕೇಳಿರದ ಕಂಪನಿಯ ಅಗ್ಗದ ಆಂಡ್ರಾಯ್ಡ್ ಬಾಕ್ಸ್ ವೈಫೈಗೆ ಸೇರಿಸಿದರೆ ಅಪಾಯವಾ?

ಅಪಾಯವೇ. ಗೂಗಲ್ ಪ್ರಮಾಣೀಕರಿಸದ ಇಂಥ ಪೆಟ್ಟಿಗೆಗಳಲ್ಲಿ ಕಾರ್ಖಾನೆಯಿಂದಲೇ ಕಳ್ಳ ತಂತ್ರಾಂಶ ಸೇರಿಕೊಂಡು ಬರುವ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತು, ಬ್ಯಾಡ್‌ಬಾಕ್ಸ್ 2.0 ಎಂಬುದು ಆ ಕಳ್ಳಜಾಲದ ಹೆಸರು. ನಿಮ್ಮ ವೈಫೈಯನ್ನು ಬೇರೆಯವರ ಕಳ್ಳಕೆಲಸಕ್ಕೆ ದಾರಿ ಮಾಡಿಕೊಡುತ್ತದೆ. ಈಗಾಗಲೇ ಇದ್ದರೆ ಕಿತ್ತಿಡಿ.

ಒಳ್ಳೆಯ ಕಂಪನಿಯ ಟೀವಿಯೂ ನೀವು ಏನು ನೋಡುತ್ತೀರಿ ಎಂದು ಗಮನಿಸಿ ವರದಿ ಕಳಿಸಬಲ್ಲದು. ಇದೇ ಕಾರಣಕ್ಕೆ ಅಮೆರಿಕದಲ್ಲಿ ವಿಜಿಯೊ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ತೆರಬೇಕಾಯಿತು. ಮೊದಲ ದಿನ ಬರುವ ಒಪ್ಪಿಗೆಗಳಲ್ಲಿ ವ್ಯೂಯಿಂಗ್ ಇನ್ಫರ್ಮೇಷನ್, ಆ್ಯಡ್ಸ್ ಎಂಬವನ್ನು ಬಿಟ್ಟು ಮುಂದೆ ಹೋಗಿ. ಟೀವಿ ಚೆನ್ನಾಗೇ ನಡೆಯುತ್ತದೆ.

ಗುಡುಗು ಸಿಡಿಲಿಗೆ ಫೈಬರ್ ಆದರೆ ಭಯ ಇಲ್ಲವಂತೆ, ನಿಜವಾ?

ಅರ್ಧ ನಿಜ. ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ. ಆದರೆ ಕಂಬದಿಂದ ಬರುವ ಕೇಬಲ್ಲಿನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರಬಹುದು, ಅಡಾಪ್ಟರ್ ಕರೆಂಟಿನ ಲೈನಿನಲ್ಲಿದೆ, ಡಿಶ್ ಆಂಟೆನಾದ ವೈರು ತಾಮ್ರದ್ದು. ಲ್ಯಾನ್ ಹಾಕಿದ್ದರೆ ರೂಟರ್‌ಗೆ ಬಿದ್ದ ಏಟು ಟೀವಿಗೂ ದಾಟುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮೋಡ ಕಟ್ಟಿದಾಗಲೇ ಪ್ಲಗ್, ಡಿಶ್ ವೈರು, ಲ್ಯಾನ್ ಮೂರನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮಿಂಚು ತಲೆ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿ.

ಅಪ್ಪ ಅಮ್ಮ ಊರಲ್ಲಿ, ನಾನು ದೂರದಲ್ಲಿ. ಫೋನಿನಲ್ಲೇ ಸರಿಮಾಡಿಸುವುದು ಹೇಗೆ?

ಸಾಮಾನ್ಯವಾಗಿ ನಡೆಯುವುದು ಹೀಗೆ:

"ಅಮ್ಮಾ, ಪೆಟ್ಟಿಗೆಯಲ್ಲಿ ಕೆಂಪು ದೀಪ ಇದ್ಯಾ ನೋಡು."
"ಒಂದು ಮಿಣಮಿಣ ಅಂತಿದೆ ಕಣೋ."
"ಅದರ ಕೆಳಗೆ ಏನು ಬರೆದಿದೆ?"
"ತಡಿ, ಕನ್ನಡಕ ಹುಡುಕ್ತೀನಿ. ನಿಮ್ಮಪ್ಪ ಯಾವುದೋ ಪಿನ್ನು ಕಿತ್ತರು, ಈಗ ಫ್ರಿಜ್ಜೂ ಆಫ್ ಆಯ್ತು."

ಓದಿಸಲು ಹೋಗಬೇಡಿ. ಅವರ ಫೋನಿನ ವೈಫೈ ಆಫ್ ಮಾಡಿಸಿ ಮೊಬೈಲ್ ಡೇಟಾದಲ್ಲಿ ವೀಡಿಯೊ ಕರೆ ಮಾಡಿ, ದೀಪಗಳನ್ನು ನೀವೇ ನೋಡಿ. ಮುಂದಿನ ಸಲ ಊರಿಗೆ ಹೋದಾಗ ಪ್ಲಗ್‌ಗಳ ಮೇಲೆ ದಪ್ಪ ಪೆನ್ನಿನಲ್ಲಿ 1, 2, 3 ಬರೆದು ಬನ್ನಿ. ಪೆಟ್ಟಿಗೆ 1, ರೂಟರ್ 2, ಟೀವಿ 3. ಮೂರನ್ನೂ ಕೀಳಿ, 1 ಹಾಕಿ, ಮೂರು ನಿಮಿಷ ಬಿಟ್ಟು 2, ಆಮೇಲೆ 3 ಎಂದರೆ ಅಮ್ಮ ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ವೈಫೈ ಹೆಸರು, ಪಾಸ್‌ವರ್ಡ್ ಬರೆದ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಅಂಟಿಸಿ.

ಫ್ಯಾಕ್ಟರಿ ರೀಸೆಟ್ ಯಾವಾಗ ಮಾಡಬೇಕು?

ಮೇಲಿನದ್ದೆಲ್ಲ ಮುಗಿದ ಮೇಲೆ, ಎಲ್ಲ ಅಕೌಂಟ್‌ಗಳ ಪಾಸ್‌ವರ್ಡ್ ಕೈಯಲ್ಲಿದ್ದಾಗ ಮಾತ್ರ. ಅದಕ್ಕೂ ಮೊದಲು ಟೀವಿಯನ್ನು ಒಂದು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿ. ಅದಕ್ಕೆ ಸೇರಿದರೆ ಟೀವಿ ಸರಿ ಇದೆ, ರೀಸೆಟ್ ಬೇಡ, ರೂಟರ್ ಕಡೆ ಹೋಗಿ. ಹಾಟ್‌ಸ್ಪಾಟ್‌ಗೂ ಸೇರದೆ, ರೀಸೆಟ್ ಆದ ಮೇಲೂ ಪಟ್ಟಿಯಲ್ಲಿ ಒಂದೇ ಒಂದು ಹೆಸರು ಬಾರದಿದ್ದರೆ ಒಳಗಿನ ವೈಫೈ ಬೋರ್ಡು ಹೋಗಿದೆ. ವಾರಂಟಿ ಇದ್ದರೆ ಕಂಪನಿಯವರನ್ನು ಕರೆಸಿ. ಮುಗಿದಿದ್ದರೆ ರಿಪೇರಿಯವರ ರೇಟು ಕೇಳಿ, ಅದರ ಪಕ್ಕದಲ್ಲಿ ಒಂದು ಲ್ಯಾನ್ ಕೇಬಲ್ಲಿನ ರೇಟನ್ನೂ ಇಟ್ಟು ನೋಡಿ.